ಟರ್ಬೊ ಹೋಸ್ ಸೋರಿದರೆ ಯಾವುದು ಹಾಕಬೇಕು: ಸೈಕಲ್ ಟ್ಯೂಬಿನಿಂದ ಸಿಲಿಕೋನ್‌ವರೆಗೆ

ಲೋಡ್ ಹಾಕಿದ ಪಿಕಪ್ ಎಳೆಯುತ್ತಿಲ್ಲ, ಹಿಂದೆ ಕಪ್ಪು ಹೊಗೆ ಬರುತ್ತಿದೆ ಅಂತ ಹೇಳಿ ನೋಡಿ. ಕೋಲಾರ ಎಪಿಎಂಸಿ ಗೇಟಿನ ಹತ್ತಿರ ಟೀ ಕುಡಿಯುತ್ತಿರುವ ಡ್ರೈವರ್‌ಗಳಲ್ಲಿ ಒಬ್ಬರು ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್) ಹೋಯ್ತು ಅನ್ನುತ್ತಾರೆ, ಇನ್ನೊಬ್ಬರು ಇಂಜೆಕ್ಟರ್ ಅನ್ನುತ್ತಾರೆ. ಮೂರನೆಯವರು ಡೀಸೆಲ್ ಬಂಕನ್ನೇ ಬೈಯುತ್ತಾರೆ. ಎಷ್ಟೋ ಸಲ ಇದು ಯಾವುದೂ ಇರುವುದಿಲ್ಲ. ಗಾಳಿ ಹೋಗುವ ರಬ್ಬರ್ ಹೋಸ್ ಎಲ್ಲೋ ಸೀಳಿರುತ್ತದೆ, ಇಲ್ಲಾ ಕ್ಲಿಪ್ ಸಡಿಲ ಆಗಿರುತ್ತದೆ.

ನನ್ನದು 2.5 ಲೀಟರ್ ಟರ್ಬೊ ಡೀಸೆಲ್, ಬಿಎಸ್ 4 ಗಾಡಿ, ಅಂದರೆ ಹೊಗೆ ಮಾಲಿನ್ಯದ ಹಳೆಯ ನಿಯಮದ್ದು. ಸೀಸನ್‌ನಲ್ಲಿ ಟೊಮೆಟೊ ಹೊಡೆಯುತ್ತೇನೆ. ಇಲ್ಲಿ ಬಾಕ್ಸ್ ಅಂದರೆ 15 ಕೆಜಿ, ನೂರು ಬಾಕ್ಸ್ ಹಾಕಿದರೆ ಒಂದೂವರೆ ಟನ್. ಈ ತೂಕದಲ್ಲಿ ಗಾಳಿ ಸೋರಿಕೆ ಬಚ್ಚಿಟ್ಟುಕೊಳ್ಳೋಕೆ ಆಗುವುದಿಲ್ಲ. ಹೀಗಾಗಿ ಸೋರಿದಾಗೆಲ್ಲ ಒಂದೊಂದು ಉಪಾಯ ಮಾಡಿ ನೋಡಿದ್ದೇನೆ. ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಅನ್ನೋದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಸೋರಿಕೆ ಎರಡು ಥರ. ಏರ್ ಫಿಲ್ಟರ್‌ನಿಂದ ಟರ್ಬೊವರೆಗಿನ ಪೈಪ್ ಗಾಳಿಯನ್ನು ಒಳಗೆ ಎಳೆಯುವ ಕಡೆ. ಟರ್ಬೊದಿಂದ ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ರೇಡಿಯೇಟರ್), ಅಲ್ಲಿಂದ ಎಂಜಿನ್‌ವರೆಗಿನದು ಒತ್ತಡದ ಕಡೆ. ಒತ್ತಡದ ಕಡೆ ಸೋರಿದರೆ ಗಾಡಿ ತಾನೇ ಕೂಗಿ ಹೇಳುತ್ತದೆ: ಆಕ್ಸಿಲರೇಟರ್ ಒತ್ತಿದಾಗ ಸುಯ್ ಅನ್ನುವ ಶಬ್ದ, ಕಪ್ಪು ಹೊಗೆ, ಎಳೆತ ಇಲ್ಲ. ಎಳೆಯುವ ಕಡೆ ಸೋರಿದರೆ ಏನೂ ಗೊತ್ತಾಗುವುದಿಲ್ಲ. ಗಾಡಿ ಚೆನ್ನಾಗೇ ಓಡುತ್ತದೆ. ಫಿಲ್ಟರ್ ದಾಟದ ಧೂಳು ಮಾತ್ರ ನೇರವಾಗಿ ಒಳಗೆ ಹೋಗುತ್ತಿರುತ್ತದೆ. 2.5 ಲೀಟರ್ ಎಂಜಿನ್ 2000 ಆರ್‌ಪಿಎಂನಲ್ಲಿ ಟರ್ಬೊ ಲೆಕ್ಕಕ್ಕೆ ಹಿಡಿಯದೆಯೇ ನಿಮಿಷಕ್ಕೆ ಸುಮಾರು 2500 ಲೀಟರ್ ಗಾಳಿ ಎಳೆಯುತ್ತದೆ. ಟೇಕಲ್ ಕಡೆ ಕಲ್ಲು ಕ್ವಾರಿ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬನ್ನಿ, ಆ ಗಾಳಿಯಲ್ಲಿ ಏನಿರುತ್ತದೆ ಅಂತ ಗೊತ್ತಾಗುತ್ತದೆ.

ನಮ್ಮವರೆಲ್ಲ ದುಡ್ಡು ಹಾಕುವುದು ಶಬ್ದ ಬರುವ ಕಡೆಗೆ. ಹಾಕಬೇಕಾದದ್ದು ಶಬ್ದ ಬರದ ಕಡೆಗೆ. ಈ ಎಲ್ಲ ಹೋಲಿಕೆಯಿಂದ ನಾನು ಹೇಳುವುದು ಇಷ್ಟೇ.

ಹುಡುಕುವುದು: ಸೋಪ್ ನೀರೋ, ಹೊಗೆಯೋ?

ಎಂಜಿನ್ ಸ್ಟಾರ್ಟ್ ಮಾಡಿ ಹೋಸ್ ಮೇಲೆ ಸೋಪ್ ನೀರು ಚಿಮುಕಿಸಿ ಗುಳ್ಳೆ ಬರಲಿ ಅಂತ ಕಾಯುವವರಿದ್ದಾರೆ. ಅದು ಸುಮ್ನೆ ಕೆಲಸ. ಸ್ಲೋ ಸ್ಪೀಡಿನಲ್ಲಿ ಟರ್ಬೊ ಹೆಚ್ಚುಕಮ್ಮಿ ಒತ್ತಡವನ್ನೇ ಕೊಡುವುದಿಲ್ಲ, ಗುಳ್ಳೆ ಎಲ್ಲಿಂದ ಬರಬೇಕು? ಎಂಜಿನ್ ಆಫ್ ಮಾಡಿ ಹೊರಗಿನಿಂದ ಗಾಳಿ ತುಂಬಬೇಕು. ನಾವು ಮಾಡಿಕೊಂಡದ್ದು ಹೀಗೆ: ಟರ್ಬೊ ಬಾಯಿಯ ಅಳತೆಗೆ ಒಂದು ಪಿವಿಸಿ ಎಂಡ್ ಕ್ಯಾಪ್, ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್. ಏರ್ ಫಿಲ್ಟರ್ ಪೈಪ್ ಬಿಚ್ಚಿ, ಕ್ಯಾಪನ್ನು ಒಂದು ತುಂಡು ಹೋಸ್ ಮತ್ತು ಕ್ಲಿಪ್ಪಿನಿಂದ ಟರ್ಬೊ ಬಾಯಿಗೇ ಕೂರಿಸಿ ಗಾಳಿ ಬಿಡುವುದು. 15 ಪಿಎಸ್‌ಐ ಸಾಕು. ಪಂಕ್ಚರ್ ಅಂಗಡಿ ಕಂಪ್ರೆಸರ್ ಇದರ ಹತ್ತು ಪಟ್ಟು ಕೊಡುತ್ತದೆ. ರೆಗ್ಯುಲೇಟರ್ ಇಲ್ಲದೆ ಕೈ ಹಾಕಬೇಡಿ, ಕ್ಯಾಪ್ ಹಾರಿ ಮುಖಕ್ಕೆ ಬಡಿಯುತ್ತದೆ. ಎದುರಿಗೆ ಯಾರೂ ನಿಲ್ಲಬಾರದು.

ಗಾಳಿ ತುಂಬಿದಾಗ ಸೈಲೆನ್ಸರಿನಿಂದ ಸಣ್ಣಗೆ ಶಬ್ದ ಬಂದರೆ ಗಾಬರಿ ಬೇಡ. ಎಂಜಿನ್ ನಿಂತ ಜಾಗದಲ್ಲಿ ಯಾವುದಾದರೂ ವಾಲ್ವ್ ತೆರೆದಿರುತ್ತದೆ, ಅಲ್ಲಿಂದ ಹೋಗುತ್ತದೆ. ನೋಡಬೇಕಾದದ್ದು ಹೋಸ್ ಮಡಿಕೆಗಳನ್ನು. ನನ್ನ ಗಾಡಿಯಲ್ಲಿ ಸೀಳು ಇದ್ದದ್ದು ಇಂಟರ್‌ಕೂಲರ್‌ಗೆ ಹೋಗುವ ಹೋಸಿನ ಕೆಳಭಾಗದಲ್ಲಿ, ಕ್ಲಿಪ್ಪಿನ ಅಂಚಿಗೆ ತಾಗಿಕೊಂಡು. ಮೇಲಿನಿಂದ ನೋಡಿದರೆ ಹೋಸ್ ಹೊಸದರ ಹಾಗೇ ಇತ್ತು. ಕೆಳಗೆ ಕೈ ಹಾಕಿದರೆ ಎಣ್ಣೆ ಮತ್ತು ಮಣ್ಣು ಸೇರಿ ಬೆರಳಗಲದ ಕರಿ ಪಟ್ಟಿ. ಅದನ್ನು ಒರೆಸಿ ಸೋಪ್ ನೀರು ಹಾಕಿದ ತಕ್ಷಣ ನೊರೆ ಉಕ್ಕಿತು. ಗಾಳಿ ಬಿಟ್ಟಾಗ ಬಾಯಿ ಬಿಡುತ್ತದೆ, ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ಇಂಥದ್ದು ಕಣ್ಣಿಗೆ ಬೀಳುವುದಿಲ್ಲ.

ಪೈಪಿನೊಳಗೆ ಹೊಗೆ ತುಂಬಿ ಸೋರಿಕೆ ತೋರಿಸುವ ಸ್ಮೋಕ್ ಟೆಸ್ಟ್ ಮಷೀನ್ ಇರುವ ಗ್ಯಾರೇಜಿನಲ್ಲೂ ಮಾಡಿಸಿದ್ದೇನೆ. ಆ ಹೊಗೆಯ ಒತ್ತಡ ಬಹಳ ಕಮ್ಮಿ. ಮೇಲೆ ಹೇಳಿದಂಥ ಸೀಳು ಅದರಲ್ಲಿ ಸಿಗುವುದಿಲ್ಲ. ಫಿಲ್ಟರ್ ಬಾಕ್ಸಿನ ಬಿರುಕು, ಕೂರದ ವಾಷರ್ ಇಂಥವಕ್ಕೆ ಮಾತ್ರ ಹೊಗೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಅಂದರೆ ಒತ್ತಡದ ಕಡೆಗೆ ಸೋಪ್ ನೀರು, ಎಳೆಯುವ ಕಡೆಗೆ ಹೊಗೆ. ಹೊಗೆ ಸಿಗದಿದ್ದರೆ ಫಿಲ್ಟರ್ ದಾಟಿದ ಮೇಲಿನ ಪೈಪ್ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಕೆಂಪು ಧೂಳು ಹತ್ತಿತೋ, ಸೋರಿಕೆ ಇದೆ. ಟಾರ್ಚ್ ಹಾಕಿ ಟರ್ಬೊ ರೆಕ್ಕೆಗಳ ಅಂಚೂ ನೋಡಿಬಿಡಿ. ಅಂಚು ಸವೆದು ಮೊಂಡಾಗಿದ್ದರೆ ಧೂಳು ಬಹಳ ದಿನದಿಂದ ಹೋಗುತ್ತಿದೆ ಅಂತ ಅರ್ಥ. ಆ ರೆಕ್ಕೆ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ, ಮರಳಿನ ಒಂದು ಕಣವೂ ಅದಕ್ಕೆ ಏಟೇ.

ಪೆಟ್ರೋಲ್ ಗಾಡಿಗೆ ಮಾಡಿದ ಹಾಗೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕಲು ಕೆಲವರು ಹೇಳುತ್ತಾರೆ. ಡೀಸೆಲ್‌ನಲ್ಲಿ ಅದು ಬೇಡವೇ ಬೇಡ. ಒತ್ತಡದ ಕಡೆ ಗಾಳಿ ಹೊರಗೆ ಬರುತ್ತದೆ, ಸ್ಪ್ರೇ ಒಳಗೆ ಹೋಗುವುದಿಲ್ಲ. ಎಳೆಯುವ ಕಡೆ ಹೋದರೆ ಅದು ಇಂಧನವಾಗಿ ಉರಿದು ಎಂಜಿನ್ ಕೈಮೀರಿ ಓಡಬಹುದು.

ದಾರಿಯ ರಿಪೇರಿ: ಸೈಕಲ್ ಟ್ಯೂಬ್, ಟೇಪ್, ಎಂ-ಸೀಲ್

ಚಿತ್ತೂರಿನಿಂದ ವಾಪಸ್ ಲೋಡ್ ಹಾಕಿಕೊಂಡು ಪಲಮನೇರು ಕಡೆ ಮೊಗಿಲಿ ಘಾಟ್ ಹತ್ತುವಾಗ ಹೋಸ್ ಹೋದರೆ ಅಂಗಡಿ ಹುಡುಕೋಕೆ ಆಗುತ್ತಾ? ಅಲ್ಲಿ ಸೈಕಲ್ ಟ್ಯೂಬೇ ದೇವರು. ಉದ್ದಕ್ಕೆ ಪಟ್ಟಿ ಕತ್ತರಿಸಿ, ಜೋರಾಗಿ ಎಳೆದು ಒಂದರ ಮೇಲೊಂದು ಸುತ್ತಿ, ಎರಡೂ ತುದಿಗೆ ಕ್ಲಿಪ್ ಹಾಕಿದರೆ ನಂಗಲಿ, ಮುಳಬಾಗಿಲು ದಾಟಿ ಊರು ಸೇರಬಹುದು. ಆಕ್ಸಿಲರೇಟರ್ ಪೂರ್ತಿ ಒತ್ತಬಾರದು ಅಷ್ಟೇ. ಎಣ್ಣೆ ಮತ್ತು ಬಿಸಿಗೆ ಬೇಗ ಅಂಟಂಟಾಗಿ ಕರಗುತ್ತದೆ, ಆದ್ದರಿಂದ ಮನೆ ಸೇರಿದ ಮೇಲೆ ಬಿಚ್ಚಿ ಬಿಸಾಕಬೇಕು.

ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪ್ ಇದಕ್ಕಿಂತ ಮೇಲು. ಬಿಸಿ ತಡೆಯುತ್ತದೆ, ಕೈಗೆ ಗಲೀಜು ಆಗುವುದಿಲ್ಲ. ಆದರೆ ಹೋಸ್ ಮೇಲೆ ಒಂದು ಹನಿ ಎಣ್ಣೆ ಇದ್ದರೂ ಕೂರುವುದಿಲ್ಲ. ರಸ್ತೆ ಬದಿಯಲ್ಲಿ ಕತ್ತಲಲ್ಲಿ ಅಷ್ಟು ಕ್ಲೀನ್ ಮಾಡೋದು ಯಾರು? ಅದಕ್ಕೇ ನನ್ನ ಸೀಟಿನ ಕೆಳಗೆ ಈಗಲೂ ಟೇಪ್ ಇದೆ, ಟ್ಯೂಬೂ ಇದೆ.

ಎಂ-ಸೀಲ್ ಗಟ್ಟಿಯಾಗುತ್ತದೆ, ಹೋಸ್ ಅಲ್ಲಾಡುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಗ್ಯಾಸ್ಕೆಟ್ ಪೇಸ್ಟ್ ಬಳಿಯುವುದು ಅದಕ್ಕಿಂತ ಅಪಾಯ. ಎಳೆಯುವ ಕಡೆ ಬಳಿದರೆ ಒಣಗಿದ ಚೂರು ಕಿತ್ತು ನೇರ ಟರ್ಬೊ ರೆಕ್ಕೆಗೆ ಹೋಗುತ್ತದೆ.

ಹೋಸ್: ಲೋಕಲ್, ಸಿಲಿಕೋನ್, ಒರಿಜಿನಲ್

ಲೋಕಲ್ ರಬ್ಬರ್ ಹೋಸ್ ಕೋಲಾರದಲ್ಲೇ ಸಿಗುತ್ತದೆ, ಅಗ್ಗ. ಒಂದು ಸಲ ಹಾಕಿದ್ದೆ. ಮೊದಲು ಚೆನ್ನಾಗಿತ್ತು, ಆಮೇಲೆ ಒಳಗೆ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಯಿತು. ಟರ್ಬೊ ಹೋಸಿನ ಒಳಗೆ ಬ್ರೀದರ್‌ನಿಂದ (ಎಂಜಿನ್ ಒಳಗಿನ ಆವಿ ಹೊರಬಿಡುವ ಪೈಪ್) ಬರುವ ಎಣ್ಣೆ ಆವಿ ಸ್ವಲ್ಪ ಇದ್ದೇ ಇರುತ್ತದೆ, ಅದು ರೋಗವಲ್ಲ. ನೀರಿನ ಹೋಸಿಗೆ ಬಳಸುವ ರಬ್ಬರ್ ಎಣ್ಣೆಗೆ ತಡೆಯುವುದಿಲ್ಲ. ಅಂಗಡಿಯವರು ಎಲ್ಲ ಒಂದೇ ಸಾರ್ ಅನ್ನುತ್ತಾರೆ, ಒಂದೇ ಅಲ್ಲ.

ಸಿಲಿಕೋನ್ ಹೋಸನ್ನು ಬೆಂಗಳೂರು ಜೆ.ಸಿ. ರಸ್ತೆಯಿಂದ ತಂದೆ. ಬೆಲೆ ಲೋಕಲ್‌ಗಿಂತ ಎರಡು ಮೂರು ಪಟ್ಟು. ನೀಲಿ ಬಣ್ಣ, ನೋಡೋಕೆ ಚೆಂದ, ಬಿಸಿಗೆ ಬಗ್ಗುವುದಿಲ್ಲ. ಇದರ ವೀಕ್ನೆಸ್ಸೂ ಎಣ್ಣೆಯೇ. ಸಾದಾ ಸಿಲಿಕೋನ್ ಒಳಗಿಂದ ಎಣ್ಣೆ ಹೀರಿಕೊಂಡು ಹೊರಗೆ ಬೆವರುತ್ತದೆ. ಒಳಪದರ ಫ್ಲೋರೋ ಸಿಲಿಕೋನ್ ಆಗಿದ್ದರೆ ಆ ತೊಂದರೆ ಇಲ್ಲ. ಕೇಳಿ ತೆಗೆದುಕೊಳ್ಳಿ, ಕೇಳಿದಾಗ ಅಂಗಡಿಯವರು ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ಒತ್ತಡದ ಕಡೆಗೆ ನನ್ನ ಆಯ್ಕೆ ಇದೇ. ಎಳೆಯುವ ಕಡೆಗೆ ಮಾತ್ರ ಒಳಗೆ ತಂತಿ ಇಲ್ಲದ ಮೆತ್ತನೆ ಸಿಲಿಕೋನ್ ಹಾಕಲೇಬಾರದು. ಫಿಲ್ಟರ್ ಕಟ್ಟಿಕೊಂಡಾಗ ಟರ್ಬೊ ಎಳೆತಕ್ಕೆ ಹೋಸ್ ಚಪ್ಪಟೆಯಾಗಿ ಉಸಿರು ಕಟ್ಟುತ್ತದೆ.

ಒರಿಜಿನಲ್ ದುಬಾರಿ, ಆರ್ಡರ್ ಹಾಕಿ ಕಾಯಬೇಕು. ಒತ್ತಡದ ಕಡೆ ಅದಕ್ಕೆ ಕೊಟ್ಟ ದುಡ್ಡಿಗೆ ಸಿಲಿಕೋನ್‌ಗಿಂತ ಜಾಸ್ತಿ ಲಾಭ ಕಾಣಲಿಲ್ಲ. ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪಿನಲ್ಲಿ ಮಾತ್ರ ವ್ಯತ್ಯಾಸ ಕೈಗೇ ಸಿಗುತ್ತದೆ. ಒರಿಜಿನಲ್ ಪೈಪ್ ಬಾಯಿ ಫಿಲ್ಟರ್ ಬಾಕ್ಸಿಗೆ ಟಕ್ ಅಂತ ಕೂರುತ್ತದೆ, ಬ್ರೀದರ್ ಪೈಪಿನ ತೂತು ಸರಿಯಾದ ಜಾಗದಲ್ಲಿರುತ್ತದೆ. ಲೋಕಲ್‌ನಲ್ಲಿ ಆ ತೂತು ಅರ್ಧ ಬೆರಳು ಆಚೆ ಇತ್ತು. ಎಳೆದು ಕೂರಿಸಿದರೆ ಒಂದು ಕಡೆ ಸಂದು ಬಿಡುತ್ತಿತ್ತು. ನಮ್ಮ ಗ್ಯಾರೇಜಿನ ಭಾಯ್ ಅದನ್ನು ನೋಡಿ, "ಅಣ್ಣಾ, ಫಿಲ್ಟರ್ ಯಾಕೆ ಹಾಕಿದೀರಾ, ಅದನ್ನೂ ತೆಗೆದುಬಿಡಿ" ಅಂದರು. ಫಿಲ್ಟರ್‌ಗೂ ಇದೇ ಮಾತು. ಅಂಚಿನ ರಬ್ಬರ್ ಗಟ್ಟಿಯಾಗಿರುವ ಅಗ್ಗದ ಫಿಲ್ಟರ್, ಮುರಿದ ಬಾಕ್ಸ್ ಕ್ಲಿಪ್ಪಿಗೆ ಕಟ್ಟಿದ ಕಬ್ಬಿಣದ ತಂತಿ, ಇವೆರಡೂ ಸೋರಿಕೆಯೇ.

ಕ್ಲಿಪ್

ಇಲ್ಲಿ ಜನ ಹತ್ತು ಇಪ್ಪತ್ತು ರೂಪಾಯಿ ಉಳಿಸಲು ಹೋಗುತ್ತಾರೆ. ಸ್ಕ್ರೂ ತಿರುಗಿಸುವ ಸಾದಾ ಕ್ಲಿಪ್ ರಬ್ಬರ್ ಹೋಸಿಗೆ ನಡೆಯುತ್ತದೆ, ಸಿಲಿಕೋನ್ ಆದರೆ ಅದರ ಸೀಳುಗಳಿಗೆ ಹೋಸ್ ಸಿಕ್ಕಿ ಕತ್ತರಿಸುತ್ತದೆ. ಟಿ-ಬೋಲ್ಟ್ ಕ್ಲಾಂಪ್ ಸುತ್ತಲೂ ಒಂದೇ ಸಮ ಹಿಡಿಯುತ್ತದೆ. ಆದರೆ ಒಂದು ಸೈಜಿಗೆ ಕೆಲವೇ ಎಂಎಂ ಹೊಂದಾಣಿಕೆ, ಹಾಗಾಗಿ ಹೋಸಿನ ಹೊರ ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಬೇಕು. ಗಾಡಿಯ ಜೊತೆ ಬಂದ ಸ್ಪ್ರಿಂಗ್ ಕ್ಲಿಪ್ ಇದ್ದರೆ ಬಿಸಾಕಬೇಡಿ. ಬಿಸಿಗೆ ಹಿಗ್ಗಿ ಕುಗ್ಗಿದರೂ ಹಿಡಿತ ಬಿಡುವುದಿಲ್ಲ.

ಯಾವ ಕ್ಲಿಪ್ ಆದರೂ ಪೈಪಿನ ತುದಿಯಲ್ಲಿರುವ ಉಬ್ಬು ಗೆರೆ ದಾಟಿ ಒಳಗೆ ಕೂರಬೇಕು. ಗೆರೆಯ ಮೇಲೇ ಕೂತರೆ ಮೊದಲ ಏರಿನಲ್ಲೇ ಹೋಸ್ ಕಳಚುತ್ತದೆ. ಜೋಡಿಸುವ ಮೊದಲು ಪೈಪ್ ಮತ್ತು ಹೋಸ್ ಎರಡನ್ನೂ ಬ್ರೇಕ್ ಕ್ಲೀನರ್ ಹಾಕಿ ಒರೆಸಿ ಒಣಗಿಸಿ.

ಇಷ್ಟಾದರೂ ಅದೇ ಜಾಗದಲ್ಲಿ ಮತ್ತೆ ಸೀಳಿದರೆ ಹೋಸನ್ನು ಬೈಯಬೇಡಿ, ಎಂಜಿನ್ ಮೌಂಟಿಂಗ್ ನೋಡಿ. ರಬ್ಬರ್ ಕುಸಿದಿದ್ದರೆ ಗೇರ್ ಹಾಕಿದಾಗಲೆಲ್ಲ ಎಂಜಿನ್ ವಾಲಿ ಹೋಸನ್ನು ತಿರುಚುತ್ತದೆ. ಹೋಸ್ ಎಲ್ಲ ಸರಿ ಇದ್ದೂ ಎಳೆತ ಬರದಿದ್ದರೆ ಇಂಟರ್‌ಕೂಲರ್ ಬಿಚ್ಚಿ, ಬಾಯಿ ಮುಚ್ಚಿ, ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಮೆಲ್ಲಗೆ ಗಾಳಿ ಬಿಡಿ. ಅಲ್ಯುಮಿನಿಯಂ ಟ್ಯಾಂಕಾದರೆ ಆರ್ಗನ್ ವೆಲ್ಡಿಂಗ್ ನಿಲ್ಲುತ್ತದೆ, ಪ್ಲಾಸ್ಟಿಕ್ ಟ್ಯಾಂಕಿನ ಸಂದಿನಲ್ಲಿ ಸೋರಿದರೆ ಹೊಸದೇ ಗತಿ.

2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಯವರಿಗೆ ಇನ್ನೊಂದು ಮಾತು. ಚೆಕ್ ಎಂಜಿನ್ ಲೈಟ್ ಹತ್ತಿ ಸ್ಕ್ಯಾನರ್‌ನಲ್ಲಿ ಪಿ0299 ಬಂದರೆ ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿ ಒತ್ತಡ, ಕಮ್ಮಿ ಅಂತ ಅರ್ಥ, ಟರ್ಬೊ ಹಾಳಾಗಿದೆ ಅಂತ ಅಲ್ಲ. ಟರ್ಬೊಗೆ ಕೊಟೇಶನ್ ಬರೆಯುವ ಮೊದಲು ಗಾಳಿ ತುಂಬಿ ತೋರಿಸಿ ಅಂತ ಕೇಳಿ. ಹಾಗಂತ ತಿಂಗಳುಗಟ್ಟಲೆ ಓಡಿಸಿಕೊಂಡೂ ಇರಬೇಡಿ. ನಮ್ಮ ಗಾಡಿಯಲ್ಲಿ ಹೊರಗೆ ಹೋಗುವ ಕಪ್ಪು ಹೊಗೆ ನಿಮ್ಮಲ್ಲಿ ಡಿಪಿಎಫ್ (ಸೈಲೆನ್ಸರ್ ಪೈಪಿನಲ್ಲಿ ಮಸಿ ಹಿಡಿಯುವ ಫಿಲ್ಟರ್) ಒಳಗೆ ಮಸಿಯಾಗಿ ಕೂರುತ್ತದೆ, ಅದರ ಬಿಲ್ ಹೋಸಿನ ಬಿಲ್ಲಿಗಿಂತ ಎಷ್ಟೋ ಜಾಸ್ತಿ.

ಸದ್ಯ ನನ್ನ ಗಾಡಿಯಲ್ಲಿರುವುದು ಫಿಲ್ಟರ್ ಕಡೆ ಒರಿಜಿನಲ್ ಪೈಪ್, ಒತ್ತಡದ ಕಡೆ ಫ್ಲೋರೋ ಒಳಪದರದ ಸಿಲಿಕೋನ್, ಅದಕ್ಕೆ ಟಿ-ಬೋಲ್ಟ್. ಹೊಸ ಹೋಸ್ ಹಾಕಿ ಮೊದಲ ಲೋಡ್ ಹೊಡೆದು ಬಂದ ಮೇಲೆ ಎಂಜಿನ್ ಪೂರ್ತಿ ಆರಲು ಬಿಟ್ಟು, ಕ್ಲಾಂಪ್‌ಗಳನ್ನು ಇನ್ನೊಂದು ಸಲ ಟೈಟ್ ಮಾಡಿದ್ದೇನೆ. ಅರ್ಧ ಸುತ್ತು ಹಿಡಿಯಿತು.