ಲೀಫ್‌ಲೆಟ್ ಜೊತೆ ನಾಲ್ಕು ವರ್ಷ: ಗುಡ್ಡದ ದಾರಿ ಹಂಚಿಕೊಳ್ಳಲು ಕಟ್ಟಿದ ಪುಟ

ನಾವು ಚಿಕ್ಕಮಗಳೂರಿನ ಏಳೆಂಟು ಜನ, ಭಾನುವಾರ ಬಂದರೆ ಗುಡ್ಡ ಹತ್ತುವವರು. ನಡೆದ ದಾರಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಜಿಪಿಎಕ್ಸ್ ಫೈಲನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆವು. ಎರಡು ತಿಂಗಳು ಬಿಟ್ಟು ಯಾರಾದರೂ 'ಬಲ್ಲಾಳರಾಯನ ದುರ್ಗದ ಫೈಲ್ ಕಳಿಸು ಮಾರಾಯ' ಅಂದರೆ ಹುಡುಕುವುದೇ ಒಂದು ಕೆಲಸ. ಸಿಕ್ಕರೂ ತೆರೆಯಲು ಒಂದು ಆಪ್ ಬೇಕು, ಅದಕ್ಕೆ ಲಾಗಿನ್ ಬೇಕು. ಲಿಂಕ್ ಒತ್ತಿದರೆ ಮ್ಯಾಪ್ ಮೇಲೆ ದಾರಿ ಕಾಣಬೇಕು, ನಮಗೆ ಬೇಕಾಗಿದ್ದು ಅಷ್ಟೇ. ಅದಕ್ಕೆ 2021ರ ಮಳೆಗಾಲದಲ್ಲಿ ಲೀಫ್‌ಲೆಟ್ ಬಳಸಿ ಒಂದು ಪುಟ ಕಟ್ಟಿದೆ. ಇವತ್ತಿಗೂ ಅದೇ ಪುಟ ನಡೆಯುತ್ತಿದೆ.

ಲೀಫ್‌ಲೆಟ್ ಅಂದರೆ ಬ್ರೌಸರಿನಲ್ಲಿ ಮ್ಯಾಪ್ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಉಕ್ರೇನಿನ ವೊಲೊಡಿಮಿರ್ ಅಗಾಫೊನ್ಕಿನ್ 2011ರಲ್ಲಿ ಬಿಡುಗಡೆ ಮಾಡಿದ್ದು. ಉಚಿತ, ಓಪನ್ ಸೋರ್ಸ್. ಅದರ ಜಾವಾಸ್ಕ್ರಿಪ್ಟ್ ತೂಕ ಸುಮಾರು 42 ಕಿಲೋಬೈಟ್ ಮಾತ್ರ. ಕೈಮರ ದಾಟಿದ ಮೇಲೆ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಾಗ ಇದರ ಬೆಲೆ ಗೊತ್ತಾಗುತ್ತದೆ. ನಾನು 1.7.1ರಲ್ಲಿ ಶುರು ಮಾಡಿದೆ, ಈಗ 1.9.4ರಲ್ಲಿದ್ದೇನೆ. ಆವೃತ್ತಿ ಬದಲಿಸುವಾಗ ನನ್ನ ಕೋಡಿನಲ್ಲಿ ಏನೂ ಮುರಿಯಲಿಲ್ಲ. ಬಿಡುವಿದ್ದಾಗ ಮಾತ್ರ ಕೋಡ್ ಬರೆಯುವ ನನ್ನಂಥವರಿಗೆ ಇದೇ ದೊಡ್ಡ ಗುಣ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಲೀಫ್‌ಲೆಟ್ ಒಳಗೆ ಮ್ಯಾಪ್ ಇಲ್ಲ. ಚೌಕಟ್ಟು ಅದರದ್ದು, ಚಿತ್ರ ಬೇರೆಯವರದ್ದು. ನಾವು ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿದ್ದೇವೆ, ಜೊತೆಗೆ ಎತ್ತರದ ಗೆರೆಗಳಿಗೆ ಓಪನ್‌ಟೋಪೋಮ್ಯಾಪ್. ಮೂಲೆಯಲ್ಲಿ ಬರುವ ಓಪನ್‌ಸ್ಟ್ರೀಟ್‌ಮ್ಯಾಪ್ ಹೆಸರನ್ನು ದಯವಿಟ್ಟು ತೆಗೆಯಬೇಡಿ. ಅದು ಅವರ ಲೈಸೆನ್ಸಿನ ಷರತ್ತು. ಸಾವಿರಾರು ಜನ ಕೂತು ಬಿಡಿಸಿದ ಮ್ಯಾಪಿಗೆ ನಾವು ಕೊಡುವುದೂ ಅಷ್ಟೇ ಅಲ್ವಾ?

ಜಿಪಿಎಕ್ಸ್ ಓದುವುದೂ ಲೀಫ್‌ಲೆಟ್‌ಗೆ ತಾನಾಗಿ ಬರುವುದಿಲ್ಲ. ಅದಕ್ಕೆ ಪ್ಲಗಿನ್, ಅಂದರೆ ಬೇರೆಯವರು ಬರೆದಿಟ್ಟ ಜೋಡಿಸಿಕೊಳ್ಳುವ ಕೋಡ್ ಇದೆ. ಆದರೆ ನಾನು ಕೈಯಾರೆ ಬರೆದೆ, ನಲವತ್ತು ಸಾಲು ಸಾಕಾಯಿತು. ಜಿಪಿಎಕ್ಸ್ ಅನ್ನುವುದು ಸುಮ್ನೆ ಒಂದು ಎಕ್ಸ್‌ಎಂಎಲ್ ಫೈಲ್. ಒಂದೊಂದು ಬಿಂದುವಿಗೂ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಬರೆದಿರುತ್ತದೆ. ಬ್ರೌಸರೇ ಅದನ್ನು ಓದಬಲ್ಲದು, ಹಾಗಾಗಿ ಸರ್ವರ್ ಕಡೆ ಕೆಲಸವೇ ಇಲ್ಲ. ಫೈಲುಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಉಚಿತ ಹೋಸ್ಟಿಂಗ್‌ಗೆ ಏರಿಸಿದ್ದೇನೆ. ನಾಲ್ಕು ವರ್ಷದಲ್ಲಿ ಒಂದು ರೂಪಾಯಿಯೂ ಖರ್ಚಾಗಿಲ್ಲ. ಒಂದು ಎಚ್ಚರಿಕೆ: ಲೀಫ್‌ಲೆಟ್‌ಗೆ ಅಕ್ಷಾಂಶ ಮೊದಲು, ಜಿಯೋಜೇಸನ್ ಅನ್ನುವ ಇನ್ನೊಂದು ಬಗೆಯ ಮ್ಯಾಪ್ ಫೈಲಿಗೆ ರೇಖಾಂಶ ಮೊದಲು. ಅದಲು ಬದಲಾದರೆ ಮುಳ್ಳಯ್ಯನಗಿರಿ ನಾರ್ವೆಯ ಉತ್ತರದ ಸಮುದ್ರಕ್ಕೆ ಹೋಗಿ ಕೂರುತ್ತದೆ.

ಸೆಕೆಂಡಿಗೊಂದು ಬಿಂದು ರೆಕಾರ್ಡ್ ಮಾಡಿದರೆ ಐದು ಗಂಟೆಗೆ 18,000 ಬಿಂದು. ಹಳೆಯ ಫೋನುಗಳಲ್ಲಿ ಪುಟ ತಡವರಿಸುತ್ತದೆ. ಡಗ್ಲಾಸ್–ಪೋಯ್ಕರ್ ಅನ್ನುವ 1973ರ ವಿಧಾನದಿಂದ ಬೇಡದ ಬಿಂದುಗಳನ್ನು ಮೊದಲೇ ತೆಗೆದು ಏರಿಸುತ್ತೇನೆ. ಐದು ಮೀಟರ್ ಒಳಗಿನ ವ್ಯತ್ಯಾಸ ಬಿಟ್ಟರೆ ದಾರಿಯ ಆಕಾರ ಹಾಗೇ ಉಳಿಯುತ್ತದೆ. ಅಕ್ಷಾಂಶ, ರೇಖಾಂಶಕ್ಕೆ ದಶಾಂಶದ ಐದು ಸ್ಥಾನ ಸಾಕು, ಅದೇ ಸುಮಾರು ಒಂದು ಮೀಟರ್ ನಿಖರತೆ.

ನನ್ನನ್ನು ಜಾಸ್ತಿ ಕಾಡಿದ್ದು ಎತ್ತರ. ಮುಳ್ಳಯ್ಯನಗಿರಿ 1,930 ಮೀಟರ್ ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತು. ಸರ್ಪದಾರಿಯಲ್ಲಿ ಹತ್ತಿ ಬಂದು ಫೈಲ್ ಹಾಕಿದರೆ ತುದಿ 1,840ರ ಆಸುಪಾಸು ತೋರಿಸಿತು. ಗೆಳೆಯನ ಫೋನಿನಲ್ಲಿ ಮಾತ್ರ ಸರಿಯಾಗಿತ್ತು. ನನ್ನ ಫೋನೇ ಕೆಟ್ಟಿದೆ ಅಂದುಕೊಂಡೆ. ಕಾರಣ ಅದಲ್ಲ. ಜಿಪಿಎಸ್ ಎತ್ತರ ಅಳೆಯುವುದು ಸಮುದ್ರಮಟ್ಟದಿಂದ ಅಲ್ಲ, ಭೂಮಿಯ ಆಕಾರಕ್ಕೆ ಗಣಿತದಲ್ಲಿ ಹೊಂದಿಸಿದ ಒಂದು ನುಣುಪು ಮೇಲ್ಮೈಯಿಂದ. ದಕ್ಷಿಣ ಭಾರತದಲ್ಲಿ ಗುರುತ್ವ ಸ್ವಲ್ಪ ಕಡಿಮೆ. ಹಾಗಾಗಿ ಇಲ್ಲಿಯ ಸಮುದ್ರಮಟ್ಟ ಆ ಮೇಲ್ಮೈಗಿಂತ 80 ಮೀಟರಿಗೂ ಜಾಸ್ತಿ ಕೆಳಗಿದೆ. ಕೆಲವು ಆಪ್‌ಗಳು ಇದನ್ನು ಸರಿಪಡಿಸಿ ಬರೆಯುತ್ತವೆ, ಕೆಲವು ಬರೆಯುವುದಿಲ್ಲ. ನಮ್ಮ ತಾಲ್ಲೂಕಿನಷ್ಟು ಜಾಗಕ್ಕೆ ಒಂದೇ ಸಂಖ್ಯೆ ಕೂಡಿಸಿದರೆ ನಡೆಯುತ್ತದೆ. ಫೈಲ್ ಯಾವ ಆಪಿನದು ಅಂತ ನೋಡಿ ಕೂಡಿಸುತ್ತೇನೆ.

ಒಟ್ಟು ಏರಿಕೆಯದ್ದು ಇನ್ನೊಂದು ಕಥೆ. ಬುತ್ತಿ ಬಿಚ್ಚಿ ಕೂತಿದ್ದಾಗಲೂ ಜಿಪಿಎಸ್ ಎರಡು ಮೀಟರ್ ಮೇಲೆ, ಮೂರು ಮೀಟರ್ ಕೆಳಗೆ ಅಂತ ಅಲುಗಾಡುತ್ತಲೇ ಇರುತ್ತದೆ. ಎಲ್ಲ ಕೂಡಿಸಿದರೆ ಹತ್ತದ ಗುಡ್ಡವನ್ನೂ ಹತ್ತಿದ ಲೆಕ್ಕ ಬರುತ್ತದೆ. ಈಗ ಹತ್ತು ಮೀಟರಿಗಿಂತ ಕಡಿಮೆ ಏರಿಳಿತವನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮಂಡಿ ನೋವಿರುವ ನಮ್ಮ ಚಿಕ್ಕಪ್ಪ ಈ ಅಂಕಿ ನೋಡಿಯೇ ಬರಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ. ಅದು ತಪ್ಪಾಗಬಾರದು.

ಕನ್ನಡದ ವಿಷಯದಲ್ಲಿ ಲೀಫ್‌ಲೆಟ್ ಏನೂ ತೊಂದರೆ ಕೊಟ್ಟಿಲ್ಲ. ನಾವು ಹಾಕಿದ ಗುರುತುಗಳೆಲ್ಲ ಕನ್ನಡದಲ್ಲೇ ಇವೆ: ನೀರಿನ ಒರತೆ, ಜಾರುವ ಬಂಡೆ, ದಾರಿ ಕವಲಾಗುವ ಜಾಗ. ಆ ಗುರುತುಗಳ ಅಡಿಯಲ್ಲಿರುವ ಮ್ಯಾಪಿನ ಊರ ಹೆಸರುಗಳು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕನ್ನಡ ಹೆಸರಿಗೆ ಪ್ರತ್ಯೇಕ ಜಾಗ ಇದೆ, ಯಾರು ಬೇಕಾದರೂ ತುಂಬಬಹುದು. ನಾವು ನಡೆದ ಊರುಗಳದ್ದನ್ನು ಒಂದೊಂದಾಗಿ ತುಂಬುತ್ತಿದ್ದೇವೆ.

ಕೊರತೆ ಅಂದರೆ ಆಫ್‌ಲೈನ್. ಕಾಡಿನೊಳಗೆ ಸಿಗ್ನಲ್ ಇಲ್ಲದಾಗ ಪುಟ ತೆರೆಯುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನ ಸರ್ವರಿನಿಂದ ಮ್ಯಾಪ್ ತುಣುಕುಗಳನ್ನು ರಾಶಿಗಟ್ಟಲೆ ಇಳಿಸಿಕೊಳ್ಳಲು ಅವರ ನಿಯಮ ಬಿಡುವುದಿಲ್ಲ. ಅದಕ್ಕೆ ಪ್ರತಿ ದಾರಿಯ ಕೆಳಗೂ ಫೈಲ್ ಇಳಿಸಿಕೊಳ್ಳುವ ಬಟನ್ ಇಟ್ಟಿದ್ದೇನೆ. ಮನೆಯಲ್ಲೇ ಇಳಿಸಿಕೊಂಡು ಆಸ್ಮ್‌ಆಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆಫ್‌ಲೈನ್ ಮ್ಯಾಪ್ ಆಪಿನಲ್ಲಿ ತೆರೆದು ಹೊರಡಿ.

ಕಳೆದ ವರ್ಷ ಒಂದು ಎಸ್ಟೇಟಿನ ರೈಟರು ಫೋನ್ ಮಾಡಿದರು. 'ಸರ್, ನಿಮ್ಮ ಮ್ಯಾಪ್ ನೋಡ್ಕೊಂಡು ಜನ ತೋಟದೊಳಗೆ ಬರ್ತಿದಾರೆ. ಹಣ್ಣು ಕೊಯ್ಯೋ ಟೈಮು, ಆನೆ ಬೇರೆ ಓಡಾಡ್ತಿದೆ. ಯಾರಿಗಾದ್ರೂ ಏನಾದ್ರೂ ಆದ್ರೆ?' ಅವರು ಕೇಳಿದ್ದು ನ್ಯಾಯವೇ. ನಾವು ಅಲ್ಲಿ ಹೋಗಿದ್ದು ಸಾಹುಕಾರರನ್ನು ಕೇಳಿಕೊಂಡು, ಆದರೆ ಮ್ಯಾಪಿನ ಗೆರೆಗೆ ಅದು ಗೊತ್ತಿಲ್ಲ. ಅವತ್ತೇ ಆ ದಾರಿ ತೆಗೆದೆ. ಈಗ ತೋಟದೊಳಗಿನ ಭಾಗ ಕತ್ತರಿಸದೆ ಯಾವ ಫೈಲನ್ನೂ ಏರಿಸುವುದಿಲ್ಲ. ಮನೆಯಿಂದ ಶುರುವಾದ ದಾರಿಯಾದರೆ ಮೊದಲ ಮತ್ತು ಕೊನೆಯ 300 ಮೀಟರ್ ತಾನಾಗಿ ಅಳಿಯುತ್ತದೆ, ಯಾರ ಮನೆ ಎಲ್ಲಿ ಅಂತ ಊರಿಗೆಲ್ಲ ಗೊತ್ತಾಗಬಾರದು. ಕುದುರೆಮುಖದಂಥ ಕಡೆಗೆ ಅರಣ್ಯ ಇಲಾಖೆಯ ಬುಕ್ಕಿಂಗ್ ಬೇಕು ಅಂತ ದಾರಿಯ ಮೇಲೇ ಬರೆದಿದ್ದೇನೆ.

ಲೀಫ್‌ಲೆಟ್ 2.0ರ ಆಲ್ಫಾ, ಅಂದರೆ ಪರೀಕ್ಷೆಗೆ ಬಿಟ್ಟ ಆವೃತ್ತಿ, 2025ರಲ್ಲಿ ಬಂದಿದೆ. ಹಳೆಯ ಬ್ರೌಸರುಗಳ ಬೆಂಬಲ ಕೈಬಿಟ್ಟಿದ್ದಾರೆ, ಕೋಡ್ ಬರೆಯುವ ರೀತಿಯೂ ಬದಲಾಗಿದೆ. ಹಲವು ಪ್ಲಗಿನ್‌ಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಹೊಸದಾಗಿ ಶುರು ಮಾಡುವವರೂ ಸದ್ಯಕ್ಕೆ 1.9.4 ಹಾಕಿಕೊಳ್ಳಿ. ನಾನು ಅದು ಪಕ್ಕಾ ಆದ ಮೇಲೆ, ಗುಡ್ಡ ಹತ್ತಲಾಗದ ಯಾವುದಾದರೂ ಮಳೆಗಾಲದಲ್ಲಿ ಬದಲಿಸುತ್ತೇನೆ.