ಆಭಾ ಆಪ್: ಅಮ್ಮನ ರಿಪೋರ್ಟುಗಳಿಗೆ ಆಗುತ್ತಾ?

ಅಮ್ಮನ ಶುಗರ್, ಥೈರಾಯ್ಡ್ ರಿಪೋರ್ಟುಗಳು ಉಡುಪಿಯ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತವೆ ಅಂತ, ಆರೋಗ್ಯದ ದಾಖಲೆಗಳನ್ನು ಮೊಬೈಲಿನಲ್ಲಿ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಆಭಾ ಆಪ್ ಹಾಕಿಕೊಂಡೆ. ಆಧಾರ್ ಒಟಿಪಿ ಕೊಟ್ಟರೆ 14 ಅಂಕಿಯ ಆಭಾ ನಂಬರ್ ಸಿಗುತ್ತದೆ, ಪುಕ್ಕಟೆ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಅಮ್ಮನ ಆಧಾರ್‌ನಲ್ಲಿರುವುದು ಅಣ್ಣನ ನಂಬರ್, ಅವನಿರುವುದು ಮಸ್ಕತ್‌ನಲ್ಲಿ! ಫೋನ್ ಮಾಡಿ ಕೇಳಿ ಹೇಗೋ ಮುಗಿಸಿದೆವು.

ನನಗೆ ಜಾಸ್ತಿ ಹಿಡಿಸಿದ್ದು ಒಪ್ಪಿಗೆ ಕೇಳುವ ರೀತಿ. ಡಾಕ್ಟರಿಗೆ ಯಾವ ದಾಖಲೆ, ಎಷ್ಟು ದಿನ ತೋರಿಸಬೇಕು ಅಂತ ನಾವೇ ಹೇಳಬಹುದು. ಬೇಡ ಅನಿಸಿದರೆ ಒಪ್ಪಿಗೆ ವಾಪಸ್ ಪಡೆಯಬಹುದು. ಫೈಲು ಕೈಗೆ ಕೊಟ್ಟರೆ ಇದೆಲ್ಲ ಆಗುತ್ತಾ?

ಆದರೆ ಲ್ಯಾಬು ಆಭಾ ನಡೆಯುವ ಸರ್ಕಾರದ ಡಿಜಿಟಲ್ ಆರೋಗ್ಯ ಜಾಲಕ್ಕೆ ಸೇರಿದ್ದರೆ ಮಾತ್ರ ರಿಪೋರ್ಟು ತಾನಾಗಿ ಬರುವುದು. ನಮ್ಮ ಬೀದಿಯ ಲ್ಯಾಬಿನವರು ಸೇರಿಲ್ಲ, ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುತ್ತಾರೆ. ಅದನ್ನು ಆಪ್‌ಗೆ ಹಾಕುವ ಕೆಲಸ ನನ್ನ ತಲೆಗೇ. ನೀವು ಶುರು ಮಾಡುವ ಮುಂಚೆ ನಿಮ್ಮ ಲ್ಯಾಬಿನಲ್ಲಿ ಒಮ್ಮೆ ಕೇಳಿಬಿಡಿ.