"ಫೋಲ್ಡರ್ ಕೊಟ್ಟಿದ್ದೀವಲ್ಲ" ಅನ್ನುವವರ ಕೈಗೆ ಸರ್ವರ್ ಕೊಡಬೇಡಿ

ಸರ್ವರ್‌ಗೆ ಹೊಸದಾಗಿ ಸಿಸ್ಟಮ್ ಹಾಕಿಸುವವರು ದಯವಿಟ್ಟು ಓದಿ. "ಡೇಟಾ ಸೇಫ್ ಆಗಿದೆ" ಅಂತ ಬಾಯಲ್ಲಿ ಹೇಳಿದರೆ ನಂಬಬೇಡಿ. ಲಿಸ್ಟ್ ತೋರಿಸಿದರೂ ನಂಬಬೇಡಿ.

ನಮ್ಮದು ಮೈಎಸ್‌ಕ್ಯೂಎಲ್ 5.7 ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್. ಲಿನಕ್ಸ್ ತೀರಾ ಹಳೆಯದಾಗಿತ್ತು. ಹೊಸದು ಹಾಕಿ, ಡೇಟಾಬೇಸ್ ಮಾತ್ರ ಹಾಗೇ ಇರಬೇಕು ಅಂತ ಒಂದು ಸರ್ವಿಸ್‌ನವರಿಗೆ ಬರೆದೇ ಕೊಟ್ಟಿದ್ದೆ. "ಡಂಪ್ ತೆಗೆದೇ ಫಾರ್ಮ್ಯಾಟ್ ಮಾಡ್ತೀವಿ, ನಮಗೆ ಬಿಡಿ ಸರ್" ಅಂದರು. ಡಂಪ್ ಅಂದರೆ ಡೇಟಾಬೇಸ್ ಒಳಗಿನದನ್ನೆಲ್ಲ ಫೈಲ್‌ಗೆ ಬರೆಸಿ ತೆಗೆದಿಡುವುದು.

ಕೆಲಸ ಮುಗೀತು ಅಂತ ಕರೆದು ಸ್ಕ್ರೀನ್ ತೋರಿಸಿದರು. ಟೇಬಲ್‌ಗಳ ಪಟ್ಟಿ ಪೂರ್ತಿ ಇತ್ತು, ಒಂದೂ ಕಮ್ಮಿ ಇಲ್ಲ. ನಾನು ಥ್ಯಾಂಕ್ಸ್ ಬೇರೆ ಹೇಳಿದೆ! ದುಡ್ಡೂ ಕೊಟ್ಟಾಯಿತು. ಅವರು ಹೋದ ಮೇಲೆ ಒಂದು ಟೇಬಲ್ ತೆರೆದರೆ "ಈ ಟೇಬಲ್ ಇಲ್ಲ" ಅಂತ ಎರರ್. ಇನ್ನೊಂದು ತೆರೆದೆ, ಅದೂ ಇಲ್ಲ. ಪಟ್ಟಿಯಲ್ಲಿ ಇದೆ, ತೆರೆದರೆ ಇಲ್ಲ. ಆಫೀಸಿನವರೆಲ್ಲ ನನ್ನ ಮುಖ ನೋಡುತ್ತಿದ್ದರು.

ಫೋನ್ ಮಾಡಿದೆ. "ಲಿಸ್ಟ್‌ನಲ್ಲಿ ಕಾಣ್ತಿದೆ ಅಲ್ವಾ ಸರ್? ಹಾಗಾದ್ರೆ ಡೇಟಾ ಇದೆ. ನಿಮ್ಮ ಸಾಫ್ಟ್‌ವೇರ್ ಪ್ರಾಬ್ಲಮ್."

ಆಗಿದ್ದು ಇಷ್ಟೇ. ಡಂಪ್ ತೆಗೆದೇ ಇರಲಿಲ್ಲ. ಡೇಟಾಬೇಸ್ ಹೆಸರಿನ ಒಂದು ಫೋಲ್ಡರ್ ಮಾತ್ರ ಕಾಪಿ ಮಾಡಿ ಡಿಸ್ಕ್ ಫಾರ್ಮ್ಯಾಟ್ ಮಾಡಿದ್ದರು. ಆ ಫೋಲ್ಡರಿನ ಹೊರಗೆ ಐಬಿಡೇಟಾ1 ಅನ್ನುವ ಫೈಲ್ ಇರುತ್ತದೆ. ಯಾವ್ಯಾವ ಟೇಬಲ್ ಇದೆ ಅನ್ನುವ ಲೆಕ್ಕವನ್ನು ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಭಾಗ) ಇಡುವುದು ಅದರಲ್ಲೇ. ಅದನ್ನೇ ಬಿಟ್ಟಿದ್ದಾರೆ! 5.7ರಲ್ಲಿ ಪಟ್ಟಿ ಬರುವುದು ಆ ಫೋಲ್ಡರಿನೊಳಗೇ ಇರುವ, ಟೇಬಲ್ ರಚನೆ ಮಾತ್ರ ಬರೆದಿಡುವ ಎಫ್‌ಆರ್‌ಎಂ ಫೈಲ್‌ಗಳಿಂದ. ಅದಕ್ಕೇ ಪಟ್ಟಿ ಚೆನ್ನಾಗಿ ಕಂಡಿದ್ದು.

ಇದನ್ನು ಹೇಳಿದರೆ, "ಡೇಟಾಬೇಸ್ ಬೇಕು ಅಂದ್ರಿ, ಫೋಲ್ಡರ್ ಕೊಟ್ಟಿದ್ದೀವಲ್ಲ." ಡಂಪ್ ಎಲ್ಲಿ ಅಂದರೆ, "ಡಂಪ್ ಅಂದ್ರೂ ಕಾಪಿ ಅಂದ್ರೂ ಒಂದೇ ಸರ್." ಒಂದೇ ಅಂತೆ!

ಆಮೇಲೆ ರಿಕವರಿಗೆ ಬೇರೆ ಚಾರ್ಜ್. ರಿಕವರಿ ಟೂಲನ್ನು ಡೌನ್‌ಲೋಡ್ ಮಾಡಿದ್ದು ಎಲ್ಲಿಗೆ ಗೊತ್ತಾ? ಅದೇ ಡಿಸ್ಕ್‌ಗೆ. ಕಳೆದದ್ದನ್ನು ಹುಡುಕಬೇಕಾದ ಜಾಗದ ಮೇಲೇ ಬರೆಯುತ್ತಾ ಕೂತರು. ಅದೂ ಎಸ್‌ಎಸ್‌ಡಿ. ಇಎಕ್ಸ್‌ಟಿ4 (ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ಫಾರ್ಮ್ಯಾಟ್ ಆಗುವಾಗಲೇ ಹಳೆಯ ಬ್ಲಾಕ್‌ಗಳು ಇನ್ನು ಬೇಡ ಅಂತ ಡಿಸ್ಕ್‌ಗೆ ಹೇಳಿಬಿಡುತ್ತದೆ. ಆಮೇಲೆ ಸಿಗುವ ಆಸೆ ತೀರಾ ಕಮ್ಮಿ. ಇದು ಗೊತ್ತಿಲ್ಲದವರು ದುಡ್ಡು ಯಾಕೆ ಕೇಳಬೇಕು?

ಕೊನೆಗೆ ಗೆಳತಿಯೊಬ್ಬಳು ಕೂತು ಸಹಾಯ ಮಾಡಿದಳು. ಎಫ್‌ಆರ್‌ಎಂನಿಂದ ಟೇಬಲ್ ರಚನೆ ತೆಗೆದು, ಅದೇ ರಚನೆಯ ಖಾಲಿ ಟೇಬಲ್ ಮಾಡಿ, ಅದರ ಟೇಬಲ್‌ಸ್ಪೇಸ್ (ಅದರ ಖಾಲಿ ಡೇಟಾ ಫೈಲ್) ಡಿಸ್‌ಕಾರ್ಡ್ ಮಾಡಿ, ಕಾಪಿಯಲ್ಲಿ ಉಳಿದಿದ್ದ ನಮ್ಮ ಐಬಿಡಿ ಫೈಲ್ (ಟೇಬಲ್‌ನ ನಿಜವಾದ ಡೇಟಾ ಇರುವುದು ಇದರಲ್ಲಿ) ಅಲ್ಲಿಟ್ಟು ಇಂಪೋರ್ಟ್. ಫೈಲ್‌ನ ಓನರ್ ಮೈಎಸ್‌ಕ್ಯೂಎಲ್ ಯೂಸರ್ ಆಗಿರಬೇಕು, ಇಲ್ಲದಿದ್ದರೆ ಅದಕ್ಕೂ ಎರರ್. ಸ್ವಂತ ಐಬಿಡಿ ಇದ್ದ ಟೇಬಲ್‌ಗಳು ಬಂದವು. ತುಂಬಾ ಹಳೆಯ ಟೇಬಲ್‌ಗಳ ಡೇಟಾ ಐಬಿಡೇಟಾ1ರ ಒಳಗೇ ಇತ್ತು. ಅವು ಹೋದವು.

ಹಾಗಾಗಿ ಡಂಪ್ ತೆಗೆಸಿ, ನಿಮ್ಮ ಎದುರೇ ಇನ್ನೊಂದು ಮಷೀನ್‌ನಲ್ಲಿ ಅದನ್ನು ರಿಸ್ಟೋರ್ ಮಾಡಿಸಿ, ಟೇಬಲ್ ಒಳಗಿನ ಸಾಲುಗಳನ್ನು ಎಣಿಸಿ. ಆಮೇಲೆ ಫಾರ್ಮ್ಯಾಟ್‌ಗೆ ಒಪ್ಪಿ. ಫೋಲ್ಡರೇ ಕಾಪಿ ಮಾಡುವುದಾದರೆ ಮೈಎಸ್‌ಕ್ಯೂಎಲ್ ನಿಲ್ಲಿಸಿ, ಇಡೀ ಡೇಟಾ ಫೋಲ್ಡರ್, ಅರ್ಧಂಬರ್ಧ ಅಲ್ಲ. ಈಗಾಗಲೇ ಫಾರ್ಮ್ಯಾಟ್ ಆಗಿದೆಯಾ? ಮಷೀನ್ ಆಫ್ ಮಾಡಿ. ಡಿಸ್ಕ್ ಇಮೇಜ್ ಬೇರೆ ಡಿಸ್ಕ್‌ಗೆ ತೆಗೆಸಿ, ಹುಡುಕಾಟ ಇಮೇಜ್ ಮೇಲೆ ಮಾತ್ರ. ಇಂಥವರನ್ನು ಹತ್ತಿರ ಬಿಡಬೇಡಿ.

ರಿಕವರಿ ಚಾರ್ಜ್ ಬಿಲ್ ಇವತ್ತು ಮತ್ತೆ ಬಂದಿದೆ. ವಿವರದ ಜಾಗದಲ್ಲಿ "ಡೇಟಾ ರಿಕವರಿ, ಯಶಸ್ವಿ" ಅಂತ ಬರೆದಿದ್ದಾರೆ.